ನಡುವಟ್ಟಂ ಜೈಲು ಮತ್ತು ಚೀನೀ ಭಾಷೆಯ ಓದು

ಕಳೆದ ವರ್ಷ ಹತ್ತನೆಯ ತರಗತಿಯ ಮಕ್ಕಳನ್ನು ನಡುವಟ್ಟಂಗೆ ಕರೆದುಕೊಂಡು ಹೋಗಿದ್ದೆವು. ಉದಕಮಂಡಲದಿಂದ ಗೂಡಲೂರಿಗೆ ಇಳಿಯುವ ದಾರಿಯಲ್ಲಿ, ಚಹಾ ತೋಟದ ನಡುವೆ, ಹಳೆಯ ಜೈಲಿನ ಕಟ್ಟಡ ಇಂದಿಗೂ ಉಳಿದಿದೆ. 1860ರ ದಶಕದಲ್ಲಿ ಇಲ್ಲಿ ಸಿಂಕೋನ ತೋಟ ಎಬ್ಬಿಸಲು ಚೀನೀ ಕೈದಿಗಳಿಂದ ದುಡಿಸಿದರೆಂದು ನಾನು ವಿವರಿಸುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ, "ಅವರ ಹೆಸರೇನು ಸರ್? ಅವರು ಈ ಬೆಟ್ಟವನ್ನು ಏನೆಂದು ಕರೆಯುತ್ತಿದ್ದರು?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಚಳಿಜ್ವರಕ್ಕೆ ಮದ್ದಾದ ಕ್ವಿನೈನ್ ದೊರೆಯುವುದು ಸಿಂಕೋನ ಮರದ ತೊಗಟೆಯಿಂದ. ದಕ್ಷಿಣ ಅಮೆರಿಕದ ಆ ಮರವನ್ನು ಬ್ರಿಟಿಷರು ನೀಲಗಿರಿಗೆ ತಂದು ನೆಟ್ಟರು. ಅದೇ ಕಾಲದಲ್ಲಿ ಮಲಯ ಕರಾವಳಿಯ ಬ್ರಿಟಿಷ್ ವಸಾಹತುಗಳಲ್ಲಿ ಸೆರೆಮನೆಗಳು ಸಾಲದೆ ಅಲ್ಲಿಯ ಚೀನೀ ಕೈದಿಗಳನ್ನು ಮದರಾಸು ಪ್ರಾಂತ್ಯಕ್ಕೆ ಸಾಗಿಸಿದರು. ಬಿಡುಗಡೆಯಾದ ಮೇಲೆ ಕೆಲವರು ಊರಿಗೆ ಹಿಂದಿರುಗದೆ ನಡುವಟ್ಟಂ ಮತ್ತು ಗೂಡಲೂರಿನ ನಡುವೆ ನೆಲೆನಿಂತು, ತಮಿಳು ಹೆಂಗಸರನ್ನು ಮದುವೆಯಾಗಿ, ತರಕಾರಿ, ಕಾಫಿ ಬೆಳೆದು ಬಾಳಿದರು. ಮದರಾಸು ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ಈ ಕುಟುಂಬಗಳನ್ನು ಕಂಡು, 1909ರಲ್ಲಿ ಪ್ರಕಟವಾದ ತಮ್ಮ ಏಳು ಸಂಪುಟಗಳ ಗ್ರಂಥದಲ್ಲಿ ಅವರ ವಿಷಯ ಬರೆದರು. ಮೈಬಣ್ಣ, ಮೂಗಿನ ಅಳತೆ ಎಲ್ಲವೂ ದಾಖಲಾಯಿತು. ಆದರೆ ಅವರು ತಮ್ಮ ಮಾತಿನಲ್ಲಿ ಹೇಳಿಕೊಂಡದ್ದು ನಾನು ಓದಿದ ಪುಟಗಳಲ್ಲಿ ತೀರಾ ಕಡಮೆ. ಅಳೆಯಲು ಜನರಿದ್ದರು, ಅವರ ಭಾಷೆಯಲ್ಲಿ ಮಾತನಾಡಿಸಲು ಜನರಿರಲಿಲ್ಲ.

ಭಾಷೆ ತಿಳಿದವರಿಲ್ಲದಿದ್ದರೆ ಮನೆಯ ಅಂಗಳದಲ್ಲಿ ನಡೆದ ಚರಿತ್ರೆಯೂ ಕೈತಪ್ಪಿ ಹೋಗುತ್ತದೆ. ಆದುದರಿಂದಲೇ ನಮ್ಮ ಮಕ್ಕಳಲ್ಲಿ ಒಬ್ಬಿಬ್ಬರಾದರೂ ವಿಶ್ವವಿದ್ಯಾನಿಲಯದಲ್ಲಿ ಚೀನೀ ಭಾಷೆಯನ್ನೂ ಸಾಹಿತ್ಯವನ್ನೂ ಓದಬೇಕೆಂಬುದು ನನ್ನ ಅಭಿಪ್ರಾಯ.

ಕನ್ನಡ ಮೇಷ್ಟರಿಗೆ ಚೀನೀ ಭಾಷೆಯ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಕನ್ನಡಕ್ಕಾಗಿಯೇ ಈ ಮಾತು. ಇಮ್ಮಡಿ ಪುಲಕೇಶಿಯು ಹರ್ಷನನ್ನು ತಡೆದನೆಂದು 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹೇಳುತ್ತಾನೆ. ಅವನು ಪುಲಕೇಶಿಯ ಆಶ್ರಯದ ಕವಿ, ಹೊಗಳಿದ್ದಾನೆ ಎಂದು ಯಾರಾದರೂ ಸಂಶಯಪಟ್ಟಾರು. ಆದರೆ ಕೆಲವೇ ವರ್ಷಗಳ ನಂತರ ಈ ನಾಡಿಗೆ ಬಂದ ಹ್ಯೂಯೆನ್‌ತ್ಸಾಂಗನೂ ಪುಲಕೇಶಿ ಹರ್ಷನಿಗೆ ಮಣಿಯಲಿಲ್ಲವೆಂದೇ ಬರೆದ. ಹೊರಗಿನವನ ಸಾಕ್ಷ್ಯಕ್ಕೆ ತೂಕ ಹೆಚ್ಚು. ಆ ಸಾಕ್ಷ್ಯವನ್ನು ನಾವು ಓದುವುದಾದರೂ ಹೇಗೆ? 1884ರ ಸ್ಯಾಮ್ಯುಯೆಲ್ ಬೀಲ್‌ನಂಥವರ ಇಂಗ್ಲಿಷ್ ಅನುವಾದಗಳ ಮೂಲಕ. ನಮ್ಮ ರಾಜನ ಕಥೆಗೆ ಎರಡು ಸಮುದ್ರ ದಾಟಿದ ಕನ್ನಡಿ!

ನಮ್ಮ ಪ್ರಾಚೀನ ಕಾವ್ಯಗಳಲ್ಲಿ ಚೀನಾಂಬರವಿದೆ. ಅಜ್ಜಿಯ ಉಪ್ಪಿನಕಾಯಿ ಇದ್ದದ್ದು ಚೀನೀ ಮಣ್ಣಿನ ಭರಣಿಯಲ್ಲಿ. ನಾವು ದಿನ ಬೆಳಗಾದರೆ ಕುಡಿಯುವ ಚಹಾದ ಹೆಸರೂ ಅಲ್ಲಿಯದೇ. ಇಷ್ಟೆಲ್ಲ ಒಳಗೆ ಬಂದಿರುವಾಗ ಆ ಭಾಷೆಯನ್ನು ಪರಕೀಯವೆಂದು ದೂರವಿಡುವುದು ಸರಿಯೆ?

ಕಷ್ಟವೆಂಬ ಮಾತು ನಿಜ. ಅಲ್ಲಿ ನಮ್ಮಂತೆ ಐವತ್ತಕ್ಕೂ ಕಡಮೆ ಅಕ್ಷರ ಕಲಿತು ಕಾಗುಣಿತ ಹಾಕಿದರೆ ಮುಗಿಯದು. ಸಾಮಾನ್ಯ ಓದಿಗೆ ಮೂರು ಸಾವಿರದಷ್ಟು ಲಿಪಿಚಿಹ್ನೆಗಳು ಬೇಕು. ಸ್ವರದ ಏರಿಳಿತ ತಪ್ಪಿದರೆ 'ಮಾ' ಎಂಬ ತಾಯಿ ಕುದುರೆಯಾಗುತ್ತಾಳೆ! ಆದರೆ ಸೊಗಸೂ ಇದೆ. ಒಂದು ಚಿಹ್ನೆ ಮರ. ಎರಡು ಮರ ಸೇರಿದರೆ ತೋಪು. ಮೂರು ಸೇರಿದರೆ ದಟ್ಟ ಕಾಡು. ಮನೆಯಲ್ಲಿ ಬಡಗ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ತಮಿಳು, ಗೂಡಲೂರು ಪೇಟೆಯಲ್ಲಿ ಮಲಯಾಳ ಆಡುವ ನಮ್ಮ ಮಕ್ಕಳು ಇನ್ನೊಂದು ಭಾಷೆಗೆ ಹೆದರಬೇಕಿಲ್ಲ.

"1962ರಲ್ಲಿ ಯುದ್ಧ ಮಾಡಿದವರು, 2020ರಲ್ಲಿ ಗಲ್ವಾನಿನಲ್ಲಿ ನಮ್ಮ ಸೈನಿಕರನ್ನು ಕೊಂದವರು, ಅವರ ಭಾಷೆ ಏಕೆ?" ಎಂದು ಒಬ್ಬ ಪೋಷಕರು ನನ್ನನ್ನು ಕೇಳಿದರು. ಅವರ ನೋವನ್ನು ನಾನು ಗೌರವಿಸುತ್ತೇನೆ. ಆದರೆ ಮನಸ್ತಾಪವಿರುವ ನೆರೆಯವನ ಮಾತನ್ನು ಮೂರನೆಯವನಿಂದ ಕೇಳಿ ತಿಳಿಯುವುದು ಜಾಣತನವಲ್ಲ. ಸೊಲ್ಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಯುದ್ಧಪೀಡಿತ ಚೀನಾಕ್ಕೆ ಹೋದರು, ಅಲ್ಲಿಯ ಭಾಷೆ ಕಲಿತು ಗಾಯಾಳುಗಳನ್ನು ಉಪಚರಿಸುತ್ತ 1942ರಲ್ಲಿ ತೀರಿಕೊಂಡರು. ಅವರನ್ನು ಆ ಜನ ಇಂದಿಗೂ ನೆನೆಯುತ್ತಾರೆ.

ಅನ್ನದ ಪ್ರಶ್ನೆಯನ್ನು ನಾನು ಮರೆಮಾಚುವುದಿಲ್ಲ. ಇದನ್ನು ಓದಿದವರೆಲ್ಲರಿಗೂ ಕೆಲಸ ಕಾದಿದೆಯೆಂದು ಹೇಳಲಾರೆ. ಆದರೆ ನಮ್ಮ ಔಷಧ ಕಾರ್ಖಾನೆಗಳ ಕಚ್ಚಾವಸ್ತು, ಯಂತ್ರದ ಬಿಡಿಭಾಗ ಬಹಳಷ್ಟು ಚೀನಾದಿಂದ ಬರುತ್ತಿರುವಾಗ, ಚೆನ್ನಾಗಿ ಕಲಿತವರಿಗೆ ಭಾಷಾಂತರ, ವ್ಯಾಪಾರ, ಅಧ್ಯಾಪನಗಳಲ್ಲಿ ದಾರಿಯಿದೆ. ಅರೆಬರೆ ಕಲಿತವರಿಗೆ ಇಲ್ಲ.

ಓದಲು ದೇಶ ಬಿಡಬೇಕಾಗಿಲ್ಲ. ರವೀಂದ್ರನಾಥ ಠಾಕೂರರ ಶಾಂತಿನಿಕೇತನದಲ್ಲಿ ಚೀನೀ ವಿದ್ವಾಂಸ ತಾನ್ ಯುನ್‌ಶಾನ್ ಅವರ ಶ್ರಮದಿಂದ 1937ರಲ್ಲಿ ಚೀನಾ ಭವನ ಆರಂಭವಾಯಿತು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಹನ್ನೆರಡನೆಯ ತರಗತಿ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಚೀನೀ ಭಾಷೆಯ ಬಿ.ಎ. ಆನರ್ಸ್ ಸೇರಬಹುದು, ಮೊದಲೇ ಆ ಭಾಷೆ ಬರಬೇಕೆಂಬ ಕಟ್ಟಳೆಯಿಲ್ಲ.

ಒಂದು ಮಾತು ಮಾತ್ರ ಮರೆಯಬೇಡಿ, ಮಕ್ಕಳೆ. ಹೋಗುವವರು ಕನ್ನಡವನ್ನು ಇಲ್ಲೇ ಬಿಟ್ಟು ಹೋಗಬಾರದು. ಹ್ಯೂಯೆನ್‌ತ್ಸಾಂಗ್ ನಾಲಂದದಲ್ಲಿ ಕಲಿತದ್ದನ್ನು ತನ್ನ ನುಡಿಗೆ ತಂದುಕೊಟ್ಟದ್ದರಿಂದಲೇ ದೊಡ್ಡವನಾದ. ನಿಮ್ಮಲ್ಲಿ ಯಾರಾದರೂ ಚೀನೀ ಕವಿತೆಯೊಂದನ್ನು ಇಂಗ್ಲಿಷಿನ ಹಂಗಿಲ್ಲದೆ ಕನ್ನಡಕ್ಕೆ ತಂದರೆ, ನಡುವಟ್ಟಂ ಕೈದಿಗಳ ಹೆಸರನ್ನು ಹುಡುಕಿ ಸರಿಯಾಗಿ ಉಚ್ಚರಿಸಿದರೆ, ಅಂದು ನಾನು ಕೊಡಲಾಗದ ಉತ್ತರವನ್ನು ನೀವು ಕೊಟ್ಟಂತಾಗುತ್ತದೆ.