ತಂತಿಯೊಳಗೆ ಕಪ್ಪು ರಂಧ್ರವಿದೆಯೇ?

ಶರಾವತಿಯ ವಿದ್ಯುತ್ತನ್ನು ಹೊತ್ತು ನಿಂತ ಗೋಪುರಗಳನ್ನು ಸಾಗರದ ಕಡೆಯವರೆಲ್ಲ ಕಂಡಿರುತ್ತಾರೆ. ತಂತಿ ಅಲ್ಯೂಮಿನಿಯಮ್ಮಿನದು, ಅದನ್ನು ಗೋಪುರಕ್ಕೆ ತಾಗದಂತೆ ಹಿಡಿದಿರುವ ಬಿಲ್ಲೆಗಳು ಪಿಂಗಾಣಿಯವು. ಒಂದು ವಾಹಕ, ಇನ್ನೊಂದು ಅವಾಹಕ. ಪ್ರೌಢಶಾಲೆಯ ಪಾಠ ಇಲ್ಲಿಗೆ ಮುಗಿಯುತ್ತದೆ.

ಆದರೆ ವೆನಡಿಯಮ್ ಡೈಆಕ್ಸೈಡ್ ಎಂಬ ವಸ್ತು ಸುಮಾರು 68 ಡಿಗ್ರಿ ಸೆಲ್ಸಿಯಸ್‌ವರೆಗೆ ಅವಾಹಕದಂತಿದ್ದು, ಅದನ್ನು ದಾಟಿದೊಡನೆ ಲೋಹದಂತೆ ವರ್ತಿಸುತ್ತದೆ. (ನಮ್ಮ ಮನೆಗಳ ಕಾಫಿ ಇದಕ್ಕಿಂತ ಬಿಸಿಯಾಗಿರುತ್ತದೆ!) ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯೇ ಅವುಗಳನ್ನು ಕಟ್ಟಿಹಾಕಬಲ್ಲದೆಂದು ಮಾಟ್ ತೋರಿಸಿದರು, ವಸ್ತುವಿನೊಳಗಿನ ಅಸ್ತವ್ಯಸ್ತತೆಯೂ ಕಟ್ಟಿಹಾಕಬಲ್ಲದೆಂದು ಆಂಡರ್ಸನ್. ಈ ಎರಡನೆಯ ವಿಚಾರವನ್ನು ಮುಂದಕ್ಕೊಯ್ದ 1979ರ ಪ್ರಸಿದ್ಧ ಲೇಖನದ ನಾಲ್ವರಲ್ಲಿ ಒಬ್ಬರು, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ಟಿ. ವಿ. ರಾಮಕೃಷ್ಣನ್.

ವಿಕರ್ಷಣೆ ಪ್ರಬಲವಾದಲ್ಲಿ ಲೆಕ್ಕ ಹಾಕುವುದೇ ದುಸ್ತರ. 1997ರಲ್ಲಿ ಮಾಲ್ದಸೇನಾ ಒಂದು ಹೊಸ ದಾರಿ ತೋರಿದರು: ಗುರುತ್ವವಿಲ್ಲದ ಕೆಲವು ಕ್ವಾಂಟಮ್ ವ್ಯವಸ್ಥೆಗಳು, ಇನ್ನೊಂದು ಆಯಾಮ ಹೆಚ್ಚಿರುವ ಗುರುತ್ವದ ಜಗತ್ತಿಗೆ ಸಮ. ಅಲ್ಲಿನ ಕಠಿಣ ಲೆಕ್ಕ ಇಲ್ಲಿ ಸುಲಭ. ಪ್ರವಾಹದ ಶಕ್ತಿ ಶಾಖವಾಗಿ ಹೋಗುವುದು, ಇಲ್ಲಿ ಕಪ್ಪು ರಂಧ್ರದೊಳಗೆ ಬೀಳುವುದಾಗಿ ಕಾಣುತ್ತದೆ. 2013ರಲ್ಲಿ ಡೊನೋಸ್ ಮತ್ತು ಹಾರ್ಟ್‌ನೋಲ್ ಇದೇ ವಿಧಾನದಿಂದ ಲೋಹವು ಅವಾಹಕವಾಗುವ ಮಾದರಿಯೊಂದನ್ನು ರಚಿಸಿದರು.

ಇದನ್ನೇ ಹಿಡಿದು, "ಜಗತ್ತು ಹಾಲೋಗ್ರಾಮ್ ಎಂದು ವಿಜ್ಞಾನ ಒಪ್ಪಿತು, ಶಂಕರರ ಮಾಯಾವಾದ ಸಿದ್ಧವಾಯಿತು" ಎಂಬ ಸಂದೇಶಗಳು ವಾಟ್ಸಾಪಿನಲ್ಲಿ ಹರಿದಾಡುತ್ತವೆ. ನಾನು ಒಪ್ಪಲಾರೆ. ಮಾಲ್ದಸೇನಾ ಹೇಳಿದ ವಿಶ್ವ ಒಂದು ವಿಶೇಷ ರೀತಿಯಲ್ಲಿ ಬಾಗಿದ್ದು. ವಿಸ್ತರಿಸುತ್ತಿರುವ ನಮ್ಮ ವಿಶ್ವ ಅಂಥದಲ್ಲ. ಆ ಸಮತ್ವವೂ ಹಲವು ಪರೀಕ್ಷೆಗಳಲ್ಲಿ ಗೆದ್ದ ಊಹೆಯೇ ಹೊರತು ಪೂರ್ಣ ಸಾಧಿತವಲ್ಲ. ಶಂಕರರಿಗೆ ಇಂಥ ಸಾಕ್ಷಿಯ ಅಗತ್ಯವೂ ಇಲ್ಲ.

"ಹಾಗಾದರೆ ಇದು ಬರೀ ಕಟ್ಟುಕಥೆ" ಎನ್ನುವವರ ಮಾತೂ ನನಗೆ ಒಪ್ಪಿಗೆಯಿಲ್ಲ. ಹೊಸನಗರ, ತೀರ್ಥಹಳ್ಳಿಗಳ ಮಕ್ಕಳಿಗೆ ವಿದ್ಯುತ್ ಪ್ರವಾಹವನ್ನು ಅಡಿಕೆ ದಬ್ಬೆಯಲ್ಲಿ ಹರಿದುಬರುವ ಅಬ್ಬಿನೀರಿನ ಹೋಲಿಕೆಯಿಂದ ವಿವರಿಸಬಹುದು. ತಂತಿಯೊಳಗೆ ನೀರಿದೆಯೇ ಎಂದು ಯಾರೂ ಜಗಳಕ್ಕೆ ಬರುವುದಿಲ್ಲ. ನೀರಿನದು ಹೋಲಿಕೆ ಮಾತ್ರ. ಇಲ್ಲಿ ಸಮೀಕರಣಗಳೇ ಒಂದಾಗುತ್ತವೆಂಬ ಹೇಳಿಕೆಯಿದೆ, ಅದು ಬಹಳ ದೊಡ್ಡದು. ವೆನಡಿಯಮ್ ಡೈಆಕ್ಸೈಡಿಗೆ ಸಮನಾದ ಕಪ್ಪು ರಂಧ್ರ ಇದೇ ಎಂದು ಬೆರಳಿಟ್ಟು ತೋರಿಸಿದವರು ಮಾತ್ರ ಇನ್ನೂ ಇಲ್ಲ.