ಖಾಲಿ ಪ್ಲಾಟು ಬಾಡಿಗೆ ಕೊಡುವುದಿಲ್ಲ

ಕಬ್ಬಿನ ಬಿಲ್ಲು ಕೈಗೆ ಬಂದಾಗ ನಮ್ಮ ಕಡೆ ಎರಡು ವ್ಯಾಪಾರ ಜೋರಾಗುತ್ತವೆ: ಬಂಗಾರ ಮತ್ತು ಪ್ಲಾಟು. ಬಂಗಾರದ ಮಾತು ಬೇಡ, ಅದು ಅವರವರ ಮನೆಯ ಜಗಳ. ಪ್ಲಾಟಿನ ಬಗ್ಗೆ ಮಾತ್ರ ಹೇಳಲೇಬೇಕು. ಘಟಪ್ರಭಾದಿಂದ ಗೋಕಾಕದ ಕಡೆ ಹೋಗಿ, ಹುಕ್ಕೇರಿಯ ಕಡೆ ಹೋಗಿ, ಮೊನ್ನೆ ಗೋವಿನಜೋಳ ನಿಂತಿದ್ದ ಹೊಲದಲ್ಲಿ ಈಗ ಸುಣ್ಣ ಬಳಿದ ಕಲ್ಲುಗಳು. ಕೊಂಡವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೇ ಬಹಳ. "ಬಾಡಿಗಿಗೆ ಮನಿ ಕಟ್ಟಸ್ತೀವ್ರಿ ಅಕ್ಕೋರ" ಎನ್ನುತ್ತಾರೆ. ಐದಾರು ವರ್ಷವಾದರೂ ಕಲ್ಲು ಅಲ್ಲೇ ಇರುತ್ತದೆ, ಸುತ್ತ ಜಾಲಿ ಬೆಳೆದಿರುತ್ತದೆ.

ಈ ಪ್ಲಾಟುಗಳ ರೇಟು ಏರುವುದು ಮನೆ ಬೇಕಾದವರು ಹೆಚ್ಚಿದ್ದಾರೆಂದಲ್ಲ, ಗೋಕಾಕ ಜಿಲ್ಲೆಯಾಗುತ್ತದೆ ಎಂಬ ಮಾತಿನಿಂದ. 1997ರಲ್ಲಿ ಜೆ.ಎಚ್. ಪಟೇಲರ ಸರಕಾರ ಏಳು ಹೊಸ ಜಿಲ್ಲೆ ಮಾಡಿತು, ಬೆಳಗಾವಿ ಮಾತ್ರ ಒಡೆಯಲಿಲ್ಲ. ಅಂದಿನಿಂದ ಇದೇ ಮಾತಿನ ಬಲದ ಮೇಲೆ ಎಷ್ಟು ಏಜೆಂಟರು ಮಕ್ಕಳ ಮದುವೆ ಮಾಡಿ ಮುಗಿಸಿದರೋ! ಜಿಲ್ಲೆ ಆಗಲಿ, ನನಗೂ ಬೇಕು. ಆದರೆ ಮುಂದೆಂದೋ ಬರುವ ಜಿಲ್ಲಾ ಕಚೇರಿಯ ಗುಮಾಸ್ತ ನಿಮ್ಮ ಈ ತಿಂಗಳ ಕಂತು ತುಂಬುವುದಿಲ್ಲ.

ನಾನು ಗಣಿತ ಕಲಿಸಿ ನಿವೃತ್ತಳಾದವಳು, ಮನೆಯ ಹಿಂದಿನ ಎರಡು ಖೋಲಿಗಳ ಬಾಡಿಗೆ ನೋಡಿಕೊಳ್ಳುವವಳು. ಹಾಗಾಗಿ ಲೆಕ್ಕವನ್ನೇ ಮುಂದಿಡುತ್ತೇನೆ. ಹೊಸ ಪ್ಲಾಟು, ಮೇಲೊಂದು ಮನೆ, ಎಲ್ಲ ಸೇರಿ 18 ಲಕ್ಷ ಎಂದು ಹಿಡಿಯಿರಿ. ಬಾಡಿಗೆ ತಿಂಗಳಿಗೆ 6,000 ಬಂದರೆ ವರ್ಷಕ್ಕೆ 72,000, ನೂರಕ್ಕೆ ನಾಲ್ಕು. ಒಂದು ತಿಂಗಳು ಮನೆ ಖಾಲಿ ಬಿತ್ತು. ಸುಣ್ಣಬಣ್ಣ, ನಳದ ರಿಪೇರಿ, ಪಟ್ಟಣ ಪಂಚಾಯಿತಿಯ ಕರ ಎಂದು 12,000 ಹೋಯಿತು. ಉಳಿದದ್ದು 54,000, ನೂರಕ್ಕೆ ಮೂರು. ಆ 18ರಲ್ಲಿ 12 ಲಕ್ಷ ಬ್ಯಾಂಕಿನ ಸಾಲವಾದರೆ ನೂರಕ್ಕೆ ಒಂಬತ್ತರಂತೆ ಮೊದಲ ವರ್ಷದ ಬಡ್ಡಿಯೇ ಒಂದು ಲಕ್ಷ ದಾಟುತ್ತದೆ. ಅರ್ಧ ಬಡ್ಡಿ ಬಾಡಿಗೆಯಿಂದ, ಇನ್ನರ್ಧ ಬಡ್ಡಿ ಮತ್ತು ಪೂರ್ತಿ ಅಸಲು ನಿಮ್ಮ ಪಗಾರದಿಂದ. ಬೆಂಗಳೂರಿನಲ್ಲಾದರೆ ಜಾಗದ ಬೆಲೆ ಏರೀತು ಎಂದು ಇದನ್ನು ತಾಳಿಕೊಳ್ಳಬಹುದು. ಇಲ್ಲಿ ಮಾರಲು ಹೊರಟರೆ ಸರಿಯಾದ ಗಿರಾಕಿ ಸಿಗುವುದೇ ಕಷ್ಟ.

ಈಗ ಊರೊಳಗಿನ ಹಳೆಯ ಮನೆ ನೋಡಿ. ಹಿತ್ತಲಲ್ಲಿ ಜಾಗ ಬಿದ್ದಿರುತ್ತದೆ. ಒಂದು ಖೋಲಿ, ಅಡಿಗೆಮನೆ, ಬಚ್ಚಲು, ಶೌಚಾಲಯ, ಒಟ್ಟು 350 ಚದರಡಿ. ಅಡಿಗೆ 1,500ರಂತೆ 5.25 ಲಕ್ಷ. ಬಾಡಿಗೆ 3,500 ಬಂದರೂ ವರ್ಷಕ್ಕೆ 42,000, ನೂರಕ್ಕೆ ಎಂಟು. ಅಂಕಿಗಳನ್ನು ನಿಮ್ಮ ಓಣಿಯ ರೇಟಿಗೆ ತಿದ್ದಿಕೊಳ್ಳಿ, ಪ್ರಮಾಣ ಹೆಚ್ಚು ಬದಲಾಗುವುದಿಲ್ಲ. ಜಾಗಕ್ಕೆ ಹೊಸದಾಗಿ ದುಡ್ಡು ಹಾಕಿಲ್ಲ ಎಂಬುದರಲ್ಲೇ ಎಲ್ಲ ಇದೆ. ಸಣ್ಣ ಊರಿನಲ್ಲಿ ಬಾಡಿಗೆಯ ಆದಾಯ ಶುರು ಮಾಡಬೇಕೆನ್ನುವವರು ಮೊದಲು ಹೆದ್ದಾರಿಯ ಕಡೆ ನೋಡುವುದನ್ನು ಬಿಟ್ಟು ಹಿತ್ತಲ ಬಾಗಿಲು ತೆಗೆಯಬೇಕು.

ಆದರೆ ಬಾಡಿಗೆಗೆ ಬರುವವರು ಯಾರು? ಇದನ್ನು ಯಾರೂ ಕೂತು ಎಣಿಸುವುದಿಲ್ಲ. ನಮ್ಮ ಸೀಮೆಯಲ್ಲಿ ದೊಡ್ಡ ಉದ್ಯೋಗ ಕೊಟ್ಟ ಗೋಕಾಕ ಫಾಲ್ಸಿನ ಗಿರಣಿ, ರೈಲ್ವೆ, ನೀರಾವರಿ ಇಲಾಖೆ, ಮೂವರೂ ತಮ್ಮ ಮಂದಿಗೆ ತಾವೇ ಕ್ವಾರ್ಟರ್ಸ್ ಕಟ್ಟಿಕೊಂಡರು. ಘಟಪ್ರಭಾದಲ್ಲಿ ಹೊರಗಿನವರನ್ನು ತಂದು ನಿಲ್ಲಿಸಿದ್ದು ಆಸ್ಪತ್ರೆಗಳು. 1929ರಲ್ಲಿ ಶುರುವಾದ ಕರ್ನಾಟಕ ಆರೋಗ್ಯಧಾಮ, ಆಮೇಲೆ ಜೆ.ಜಿ. ಸಹಕಾರಿ ಆಸ್ಪತ್ರೆ, ಅದರ ಆಯುರ್ವೇದ ಕಾಲೇಜು. ನರ್ಸುಗಳು, ಲ್ಯಾಬಿನವರು, ವಿದ್ಯಾರ್ಥಿಗಳು: ಇವರಿಗೆ ಬೇಕಾದದ್ದು ನಡೆದು ಹೋಗುವಷ್ಟು ಹತ್ತಿರದ ಸಣ್ಣ ಮನೆ, ಮೂರು ಬೆಡ್‌ರೂಮಿನ ಬಂಗಲೆಯಲ್ಲ. ಸಕ್ಕರೆ ಕಾರ್ಖಾನೆಯ ಕೆಲವು ತಾಂತ್ರಿಕ ಸಿಬ್ಬಂದಿ ಹಂಗಾಮಿಗೆ ಬಂದು ಹಂಗಾಮು ಮುಗಿದೊಡನೆ ಹೋಗುತ್ತಾರೆ. ಅವರನ್ನು ನಂಬಿದರೆ ಬೇಸಿಗೆಯಲ್ಲಿ ಮನೆ ಖಾಲಿ. ಕಾರ್ಖಾನೆ ಶುರುವಾಗುವ ದಿನವೂ ಗಟ್ಟಿಯಲ್ಲ. 2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ರೈತರು ಗುರ್ಲಾಪುರ ಕ್ರಾಸಿನಲ್ಲಿ ಕೂತಿದ್ದನ್ನು ನೀವೇ ನೋಡಿದ್ದೀರಿ.

ಇನ್ನು ಸರಕಾರಿ ನೌಕರರು. ಮೂಡಲಗಿ ತಾಲೂಕಾದಾಗ ಕಚೇರಿಗಳು ಬಂದವು, ಮನೆ ಕೇಳುವವರೂ ಬಂದರು. ಘಟಪ್ರಭಾಕ್ಕೆ ಆ ಭಾಗ್ಯ ಅರ್ಧ ಮಾತ್ರ, ಏಕೆಂದರೆ ನಮ್ಮಲ್ಲಿ ಸ್ಟೇಶನ್ ಇದೆ. ಮಿರಜ–ಬೆಳಗಾವಿ ರೈಲು ಬಾಡಿಗೆದಾರರನ್ನು ಕರೆತರುತ್ತದೆ ಎಂದು ಏಜೆಂಟರು ಹೇಳುತ್ತಾರೆ. ಅದೇ ರೈಲು ಸಂಜೆ ಅವರನ್ನು ವಾಪಸು ಒಯ್ಯುತ್ತದೆ. ಹೆಂಡತಿಯ ನೌಕರಿ, ಮಕ್ಕಳ ಶಾಲೆ ಬೆಳಗಾವಿಯಲ್ಲಿದ್ದರೆ ಸಾಹೇಬರು ಅಪ್‌ಡೌನ್ ಮಾಡುತ್ತಾರೆಯೇ ಹೊರತು ಇಲ್ಲಿ ಸಂಸಾರ ಹೂಡುವುದಿಲ್ಲ.

ಬಂದವರು ನಿಲ್ಲಬೇಕಾದರೆ ಮೂರು ಬೇಕು: ಓಣಿಗೆ ತೆರೆಯುವ ಅವರದೇ ಬಾಗಿಲು, ಅವರದೇ ನೀರಿನ ಟಾಕಿ, ಅವರದೇ ಮೀಟರು. ಮೀಟರಿನದು ಈಗ ಮೊದಲಿನ ಮಾತಲ್ಲ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಾಡಿಗೆಯವರಿಗೂ ಅವರ ಆರ್‌ಆರ್ ನಂಬರಿನ ಮೇಲೆ ಆ ಸೌಲಭ್ಯ ಸಿಗುತ್ತದೆ. ಒಂದೇ ಮೀಟರಿನಿಂದ ವೈರು ಎಳೆದು ಯೂನಿಟ್ಟಿಗೆ ಇಷ್ಟೆಂದು ವಸೂಲಿ ಮಾಡುವ ಮಾಲೀಕನ ಮನೆಗೆ ಯಾರು ಬಂದಾರು? ಪ್ರತ್ಯೇಕ ಮೀಟರಿನ ಅರ್ಜಿಗೆ ಗೋಕಾಕದವರು ಹೆಸ್ಕಾಂಗೆ ಹೋಗಬೇಕು, ಹುಕ್ಕೇರಿ ತಾಲೂಕಿನವರು 1969ರ ತಮ್ಮ ವಿದ್ಯುತ್ ಸಹಕಾರಿ ಸಂಘಕ್ಕೆ. ಗಿಲಾಯಿಗಿಂತ ಮುಂಚೆಯೇ ಈ ಓಡಾಟ ಮುಗಿಸಿ.

ಗೋಕಾಕದಲ್ಲಿ ಹೊಳೆಯ ಹತ್ತಿರ ಅಗ್ಗದ ಮನೆ ಸಿಕ್ಕಿತೆಂದು ಕುಣಿಯುವವರಿಗೆ ಒಂದೇ ಮಾತು. 2019ರ ಆಗಸ್ಟಿನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಮಾರುವವನನ್ನು ಕೇಳಬೇಡಿ, ಎದುರುಮನೆಯ ಮುದುಕಿಯನ್ನು ಕೇಳಿ.

ಮನೆ ಖಾಲಿ ಉಳಿಯಲು ಇನ್ನೊಂದು ಕಾರಣವಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಾಗಿಲಿಗೆ ಬಂದವರನ್ನು ನಾವು ಪಗಾರ ಕೇಳುವ ಮೊದಲು "ನೀವು ಯಾವ ಪೈಕಿರಿ?" ಎಂದು ಕೇಳುತ್ತೇವೆ. ಆಮೇಲೆ ಕೋಳಿ ಬೇಯಿಸುತ್ತೀರಾ ಎಂದು. ರಾತ್ರಿ ಪಾಳಿಯ ನರ್ಸು ಒಬ್ಬಳೇ ಇರುತ್ತೇನೆಂದರೆ ಅವಳಿಗೆ ಮನೆಯೇ ಇಲ್ಲ. ಹೀಗೆ ನಾಲ್ಕು ಮನೆ ಅಲೆದು ಬಂದ ಒಬ್ಬಾಕೆ ನಮ್ಮಲ್ಲಿ ಇದ್ದಳು. ಒಂದನೇ ತಾರೀಖು ದಾಟದಂತೆ ಬಾಡಿಗೆ ಕೊಟ್ಟಳು, ಬೇರೆ ಊರಿಗೆ ಹೋಗುವಾಗ ತನ್ನ ಗೆಳತಿಯನ್ನು ತಂದು ಇಟ್ಟು ಹೋದಳು. ಜಾತಿ ಕೇಳಿ ಮನೆ ನಿರಾಕರಿಸುವುದು ಅನ್ಯಾಯ, ಅದನ್ನು ಎಲ್ಲಿಯಾದರೂ ಹೇಳುತ್ತೇನೆ. ಆದರೆ ಹತ್ತು ಜನ ಬಾಡಿಗೆದಾರರಷ್ಟೇ ಇರುವ ಊರಿನಲ್ಲಿ ಎಂಟು ಜನರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿ, "ಡಿಮ್ಯಾಂಡ್ ಇಲ್ರಿ" ಎಂದು ಕಟ್ಟೆಯ ಮೇಲೆ ಕೂತು ಗೋಳಾಡುವುದು ಮೂರ್ಖತನವೂ ಹೌದು.

ಕಾಗದಪತ್ರದ ಮಾತು ಚಿಕ್ಕದು. ಕರಾರು ಹನ್ನೊಂದು ತಿಂಗಳದು ಮಾಡಿಕೊಳ್ಳಿ, ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಪರಿಚಯದವರೆಂದು ಬಾಯಿಮಾತಿನಲ್ಲಿ ಬಿಡಬೇಡಿ, ಡಿಪಾಜಿಟ್ಟಿಗೆ ರಸೀದಿ ಕೊಡಿ. ಮನೆಯ ತೆರಿಗೆ ಕಳೆದು ಉಳಿದ ಬಾಡಿಗೆಯಲ್ಲಿ ನೂರಕ್ಕೆ 30ನ್ನು ಆದಾಯ ತೆರಿಗೆಯವರು ಕೇಳದೆಯೇ ಬಿಡುತ್ತಾರೆ, ಅದನ್ನು ರಿಟರ್ನ್‌ನಲ್ಲಿ ತೋರಿಸಿ.

ದೊಡ್ಡ ತೊಡಕು ಇರುವುದು ಉತಾರದಲ್ಲಿ. ಹಿತ್ತಲ ಲೆಕ್ಕ ಕೇಳಿ ಹುರುಪಿನಿಂದ ಎದ್ದು ಹೋದ ಹುಡುಗನೊಬ್ಬ ವಾರದಲ್ಲಿ ಮುಖ ಸಪ್ಪಗೆ ಮಾಡಿಕೊಂಡು ಬಂದ. ಮನೆ ಇನ್ನೂ ಅಜ್ಜನ ಹೆಸರಿನಲ್ಲಿದೆ, ವಾಟ್ಣಿಯಾಗಿಲ್ಲ. ಇಬ್ಬರು ಕಾಕಾಗಳೂ ಅತ್ತೆಯೂ ಸಹಿಗೆ ಒಪ್ಪಿದ್ದಾರೆ. ಇಚಲಕರಂಜಿಯ ದೊಡ್ಡ ಕಾಕಾ ದೀಪಾವಳಿಗೆ ಬಂದು ಸಹಿ ಮಾಡುತ್ತೇನೆ ಎಂದಿದ್ದಾರಂತೆ. ಯಾವ ದೀಪಾವಳಿ ಎಂದು ಹೇಳಿಲ್ಲ.