ವಾಟ್ನಿ ಆದ ಮ್ಯಾಲೆ ಎಫ್‌ಐಡಿ ಯಾರು ತಿದ್ದಬೇಕು?

ಇವತ್ತು ಬೆಳಿ ಬಗ್ಗೆ ಅಲ್ಲ, ಉತಾರದ ಬಗ್ಗೆ. ಸ್ವಲ್ಪ ಉದ್ದ ಐತಿ, ಪುರುಸೊತ್ತು ಮಾಡ್ಕೊಂಡು ಓದ್ರಿ.

ಖಾನಾಪುರ ಭಾಗದಾಗ ಭತ್ತದ ಗದ್ದೆ ಮೊದಲೇ ಸಣ್ಣ ಸಣ್ಣ ತುಂಡು. ಅದರಾಗ ಅಣ್ಣ-ತಮ್ಮ ವಾಟ್ನಿ ಮಾಡ್ಕೊಂಡ್ರು ಅಂತ ಹಿಡೀರಿ. 11ಇ ನಕ್ಷೆ ಆತು. ಸಬ್ ರಜಿಸ್ಟ್ರಾರ್ ಆಫೀಸಿನಾಗ ನೋಂದಣಿ ಆತು. ಅಲ್ಲಿಂದ ಮಾಹಿತಿ ಕಂಪ್ಯೂಟರ್‌ನಾಗೇ ‘ಭೂಮಿ’ಗೆ ಹೋಗಿ, ನೋಟಿಸ್ ಅವಧಿ ಮುಗಿದು ಮ್ಯುಟೇಶನ್ನೂ ಆತು. 47 ಇದ್ದದ್ದು 47/1, 47/2 ಆತು, 9ನೇ ಕಾಲಂನಾಗ ಹೆಸರು ಬಂತು. ಕೆಲಸ ಮುಗೀತು ಅಂತ ಎಲ್ಲಾರೂ ಮನೀಗೆ ಬರ್ತಾರ.

ಮುಗಿದಿರೂದಿಲ್ಲ. ಫ್ರೂಟ್ಸ್‌ನಾಗ ನಿಮ್ಮ ಎಫ್‌ಐಡಿಗೆ ಇನ್ನೂ ಹಳೇ 47 ಜೋಡಿಸಿದ್ದರ, ತಮ್ಮನ ಎಫ್‌ಐಡಿಯೊಳಗ ಜಮೀನೇ ಕಾಣೂದಿಲ್ಲ. 2023ರ ಬರ ಪರಿಹಾರ ಫ್ರೂಟ್ಸ್‌ನಾಗಿದ್ದ ಜಮೀನಿನ ಲೆಕ್ಕದ ಮ್ಯಾಲೇ ಖಾತೆಗೆ ಬಂತು, ನೆನಪೈತಲ್ಲ? ಗದ್ದೆ ಒಣಗಿದ್ದು ಖರೆ, ಉತಾರನೂ ಖರೆ, ಆದ್ರ ಈ ಎರಡರ ನಡುವಿನ ಕೊಂಡಿ ಇಲ್ಲ ಅಂದ್ರ ರೊಕ್ಕ ಇಲ್ಲ.

ಬೆಳಗಾವಿಯೊಳಗ ಸಾಫ್ಟ್‌ವೇರ್ ಕೆಲಸ ಮಾಡೋ ನಮ್ಮ ಅಳಿಯನ್ನ ಕೇಳಿದೆ. ಅವರ ಕಸಬಿನಾಗ ಇದು ದಿನದ ಮಾತಂತ. ಒಂದು ದಾಖಲೆ ಸೇವ್ ಮಾಡಿದಾಗ ಅದಕ್ಕ ಸಂಬಂಧಪಟ್ಟ ದಾಖಲೆಗಳೂ ಅದೇ ಏಟಿಗೆ ಬದಲಾಗಬೇಕು. ನಡುವ ಒಂದು ತಪ್ಪಿದ್ರ ಎಲ್ಲಾನೂ ಹಿಂದಕ್ಕ ಹೋಗಬೇಕು, ಅರ್ಧಾ ಉಳೀಬಾರದು. ಅದಕ್ಕ ಟ್ರಾನ್ಸಾಕ್ಷನ್ ಅಂತಾರ. ಬ್ಯಾಂಕಿನಾಗ ನಿಮ್ಮ ಖಾತೆಯಿಂದ ಕಡಿತ ಆಗಿ ಅತ್ತ ಜಮಾ ಆಗದಿದ್ರ ಸುಮ್ಮನ ಕೂಡ್ತೀರೇನು? ಬ್ಯಾರೆ ಬ್ಯಾರೆ ಇಲಾಖೆ, ಬ್ಯಾರೆ ಬ್ಯಾರೆ ಕಂಪ್ಯೂಟರ್ ಇದ್ದಾಗ ಒಂದೇ ಏಟಿಗೆ ಆಗೂದು ಕಷ್ಟ, ಅದನ್ನೂ ಅವನೇ ಹೇಳಿದ. ಸರಿ, ಹಂಗಾದ್ರ ಯಾವುದು ಬಾಕಿ ಉಳೀತು ಅನ್ನೋದರ ಪಟ್ಟಿಯಾದ್ರೂ ಇರಬೇಕು, ರೈತನ ಮೊಬೈಲಿಗೆ ಒಂದು ಮೆಸೇಜಾದ್ರೂ ಬರಬೇಕು.

ನನ್ನ ವಾದ ಇಷ್ಟ: ಮ್ಯುಟೇಶನ್ ಮಾಡಿದ್ದು ಸರಕಾರ. ಅದರ ಸುದ್ದಿ ಕೃಷಿ ಇಲಾಖೆಗೆ ಮುಟ್ಟಿಸೂದು ಸರಕಾರದ್ದೇ ಕೆಲಸ. ಕೈಯಾಗ ಉತಾರ ಹಿಡಕೊಂಡು ರೈತ ಸಂಪರ್ಕ ಕೇಂದ್ರಕ್ಕ ಅಲೆಯೂದು ಜಾಂಬೋಟಿ ಕಡೆ ಮಳಿಗಾಲದಾಗ ಅಂದ್ರ ಒಂದು ದಿನದ ಪಗಾರ ಹೋದಂಗ.

ಹಂಗಂತ ಎಲ್ಲಾ ತಂತಾನ ಬದಲಾಗಲಿ ಅಂತನೂ ನಾ ಹೇಳೂದಿಲ್ಲ. ಹೋದ ವರ್ಷ ಯಾರು ಏನು ಬೆಳೆದಿದ್ರು ಅನ್ನೋದು ಹೊಸ ಹೆಸರಿಗೆ ಜಿಗೀಬಾರದು. ಪಿಎಂ ಕಿಸಾನ್‌ಗೆ 2019ರ ಫೆಬ್ರವರಿ 1ಕ್ಕ ಜಮೀನು ಯಾರ ಹೆಸರಿಗಿತ್ತು ಅನ್ನೋದು ಬೇಕಾಗತೈತಿ. ಸತ್ತವರ ವಾರಸಾ ಆದ್ರ ಮಾತು ಬ್ಯಾರೆ. ಹಳೇದನ್ನ ಅಳಿಸಿ ಬರೆದ್ರ ಅದನ್ನ ಎಲ್ಲಿ ಹುಡುಕೂದು? 11ನೇ ಕಾಲಂನ ಬೋಜಾನೂ ಹಂಗ. ಅಣ್ಣ ತಗೊಂಡ ಸೊಸೈಟಿ ಸಾಲ ತಮ್ಮನ ಹಿಸ್ಸಾದ ಮ್ಯಾಲೂ ಕುಂತಿದ್ರ, ಅದನ್ನ ಇಳಿಸೂದು ಕಂಪ್ಯೂಟರ್ ತೀರ್ಮಾನ ಮಾಡೋ ಮಾತಲ್ಲ, ಸಾಲ ಕೊಟ್ಟವರ ಪತ್ರ ಬೇಕು.

ಸರಕಾರ ಯಾವಾಗ ಸರಿ ಮಾಡತೈತೋ ಮಾಡಲಿ. ಇತ್ತೀಚೆಗೆ ವಾಟ್ನಿ, ವಾರಸಾ, ಖರೇದಿ ಆದವರು ಆಧಾರ್, ಹೊಸ ಉತಾರ, ಪಾಸ್‌ಬುಕ್ ತಗೊಂಡು ಹೋಗಿ ಎಫ್‌ಐಡಿಯೊಳಗ ಎಲ್ಲಾ ಹಿಸ್ಸಾ ನಂಬರ್ ಅದಾವೋ ಇಲ್ಲೋ ನೋಡ್ರಿ. ಬೆಳಿ ಸಮೀಕ್ಷೆ ಶುರು ಆಗೂಕಿಂತ ಮೊದಲೇ ಹೋಗ್ರಿ.